ಖಂಡೇ ಪೂಜೆಯ ದಿನ ನಿಂತ ಗಾಳಿ

ಊರಿನ ಹಬ್ಬಗಳನ್ನು ಎಲ್ಲರೂ ತಲಬಾಗಿಲಿನಿಂದ ನೋಡುತ್ತಾರೆ. ನಾನು ನೋಡಿದ್ದು ಹಿತ್ತಲ ಬಾಗಿಲಿನಿಂದ. ರಂಗಪಂಚಮಿಯ ಮಧ್ಯಾಹ್ನ ನಮ್ಮಲ್ಲಿಗೆ ಬರುವ ಗಟಾರ ನೀರು ಗುಲಾಬಿ ಬಣ್ಣದ್ದು. ದೀಪಾವಳಿಗೆ ಅದರ ಮೇಲೆ ಕರಿದ ಎಣ್ಣೆಯ ಪೊರೆ. ಲಗ್ನದ ದಿನಗಳಲ್ಲಿ ಗಟಾರದ ಕಸ ತಡೆಯುವ ಜಾಳಿಗೆಯ ತುಂಬ ಅನ್ನದ ಅಗುಳು, ಚೆಂಡುಹೂವಿನ ಎಸಳು. ಊರಲ್ಲಿ ಏನು ಅಡುಗೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಎಲ್ಲರೂ ಉಂಡು ಕೈ ತೊಳೆದ ಮೇಲೆ ಅದು ನಮ್ಮ ಕಾಲಬುಡಕ್ಕೇ ಬರುತ್ತಿತ್ತು.

ಗಟಾರ ನೀರನ್ನು ತಿಳಿ ಮಾಡಿ ಹಳ್ಳಕ್ಕೆ ಬಿಡುವ ಘಟಕದಲ್ಲಿ ದುಡಿದು ನಿವೃತ್ತಳಾದವಳು ನಾನು. ಊರಿನ ಹೆಸರು ಬರೆಯುವುದಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಸಣ್ಣ ಊರುಗಳೆಲ್ಲ ಈ ವಿಷಯದಲ್ಲಿ ಒಂದೇ ತಾಯಿಯ ಮಕ್ಕಳು. ಈಗ ಈ ಕೆಲಸಕ್ಕೆ ಹೊಸದಾಗಿ ಹುಡುಗರು, ಹುಡುಗಿಯರು ಸೇರುತ್ತಿದ್ದಾರೆ. ಕೆಲವರು ಮನೆಗೆ ಬಂದು, "ಅಕ್ಕಾರ, ವಾಸನಿ ಹ್ಯಾಂಗ ತಡಕೊಂಡ್ರಿ?" ಎಂದು ಕೇಳುತ್ತಾರೆ. ತಡೆದುಕೊಳ್ಳುವುದಲ್ಲ, ಓದುವುದು ಎಂದು ಹೇಳುತ್ತೇನೆ. ಒಲೆಯ ಮುಂದೆ ಕುಳಿತವಳಿಗೆ ರೊಟ್ಟಿ ಸೀಯುವ ಮೊದಲೇ ವಾಸನೆ ಗೊತ್ತಾಗುತ್ತದೆ. ಇದೂ ಹಾಗೇ. ಪುಸ್ತಕದಲ್ಲಿ ಇರುವುದನ್ನು ಪುಸ್ತಕದಲ್ಲೇ ಓದಿಕೊಳ್ಳಿ. ನಾನು ಹೊಸ ಪ್ಲಾಂಟಿನ ಮೊದಲ ವರ್ಷದ ಸಂಗತಿ ಬರೆಯುತ್ತೇನೆ. ನನ್ನ ಕೆಲಸವೆಲ್ಲ ನಾನು ಕಲಿತದ್ದು ಆ ವರ್ಷದಲ್ಲೇ.

ನನ್ನ ಮನೆಯವರು ಊರಿಗೆ ಕುಡಿಯುವ ನೀರು ಬಿಡುವ ವಾಲ್ವ್‌ಮನ್ ಆಗಿದ್ದರು. ಅವರು ತೀರಿಕೊಂಡ ಮೇಲೆ ನನಗೆ ಸಿಕ್ಕಿದ್ದು ಅದೇ ನೀರಿನ ಇನ್ನೊಂದು ತುದಿ. ಆಗ ಪ್ಲಾಂಟ್ ಇರಲಿಲ್ಲ, ಊರ ಹೊರಗೆ ಹೊಂಡಗಳಿದ್ದವು. ಗಟಾರ ನೀರು ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗಿ ಬಿಸಿಲಿಗೆ, ಗಾಳಿಗೆ ತಾನೇ ತಿಳಿಯಾಗಬೇಕು ಎನ್ನುವುದು ಲೆಕ್ಕ. ನಮ್ಮ ಹತ್ಯಾರವೆಂದರೆ ಸಲಿಕೆ, ಕುಡಗೋಲು, ಕೆನೆಗಟ್ಟಿದ ಹೊಲಸನ್ನು ದಂಡೆಗೆ ಎಳೆಯುವ ಉದ್ದನೆಯ ಬಿದಿರು. ಕಳೆ ಕೊಯ್ಯುವುದು, ಎಮ್ಮೆ ಇಳಿಯದಂತೆ ನೋಡಿಕೊಳ್ಳುವುದು, ಇಷ್ಟೇ ಕೆಲಸ. ಊರು ಸಣ್ಣದಿದ್ದಾಗ ಹೊಂಡಗಳಿಗೆ ಅದು ಸಾಗುತ್ತಿತ್ತು. ಊರು ಬೆಳೆಯಿತು, ಹೊಂಡ ಬೆಳೆಯಲಿಲ್ಲ. ಕಡೆಯ ವರ್ಷಗಳಲ್ಲಿ ಅಲ್ಲಿಂದ ಹಳ್ಳಕ್ಕೆ ಬೀಳುತ್ತಿದ್ದದ್ದು ನೀರಲ್ಲ, ಇದ್ದಲಿ ಕಲಸಿದ ಗಂಜಿ.

ಹಳ್ಳಕ್ಕೆ ಹತ್ತಿದ ಮೊದಲ ಹೊಲ ನೇಮಗೌಡ ತಾತ್ಯಾರದು. ಹಳೆಯ ಜೈನ ಮನೆತನದವರು, ಬಿಳಿ ಧೋತರ, ಬಿಳಿ ಟೊಪ್ಪಿಗೆ, ಮಾತು ಕಡಿಮೆ. ಅವರ ಹೊಲ ದಾಟಿ ಕೆಳಗೆ ಹೋದರೆ ಹಳ್ಳದ ದಂಡೆಗುಂಟ ತೋಟದ ಮನೆಗಳು. ಆ ಮನೆಗಳ ದನಕರು ಅದೇ ನೀರು ಕುಡಿಯಬೇಕು. ಒಂದು ಬೇಸಿಗೆ ತಾತ್ಯಾ ಬೇಸತ್ತು ಹಳ್ಳದ ಬಾಯಿಗೆ ಮಣ್ಣು ಹಾಕಿಸಿಬಿಟ್ಟರು. ಮುಂದೆ ಹೋಗಲಾರದ ನೀರು ಹಿಂದೆ ತಿರುಗಿತು. ಹಿಂದೆ ತಿರುಗಿದ ನೀರು ಮೊದಲು ಹುಡುಕುವುದು ತಗ್ಗನ್ನು. ಊರಿನಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವುದು ನಮ್ಮ ಓಣಿ. ಯಾಕೆ ತಗ್ಗಿನಲ್ಲಿದೆ, ಅಲ್ಲಿ ಯಾರು ಇರುತ್ತಾರೆ ಎಂದು ನಮ್ಮ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೀದಿಯ ಗಟಾರದ ಚೇಂಬರಿನ ಮುಚ್ಚಳ ಎತ್ತಿಕೊಂಡು ಊರಿನ ಹೊಲಸು ನಮ್ಮ ಹೊಸ್ತಿಲು ದಾಟಿತು. ಹಿಟ್ಟಿನ ಡಬ್ಬಿ, ಅಂಬೇಡ್ಕರ್ ಸಾಹೇಬರ ಫೋಟೊ, ಮಗಳ ಪುಸ್ತಕ ಎಲ್ಲವನ್ನೂ ಮಂಚದ ಮೇಲಿಟ್ಟು ನಾನು, ಅತ್ತೆ, ಮಗಳು ಆ ಮಂಚದ ಮೇಲೇ ಕುಳಿತೆವು. ಪಂಚರು ಹೋಗಿ ಕೈ ಮುಗಿದ ಮೇಲೆ ತಾತ್ಯಾ ಮಣ್ಣು ತೆಗೆಸಿದರು. ಅವರು ಕೆಟ್ಟವರಲ್ಲ, ನಾವೂ ಕೆಟ್ಟವರಲ್ಲ. ನೀರಿಗೆ ಹೋಗಲು ಜಾಗ ಬೇಕು, ಅಷ್ಟೇ.

ಹೊಸ ಪ್ಲಾಂಟ್ ಬಂದದ್ದು ಅದಾದ ಮೇಲೆ. ತಗ್ಗಿನಲ್ಲಿ ಊರಿನ ಗಟಾರ ನೀರೆಲ್ಲ ಬಂದು ಕೂಡುವ ಒಂದು ಸಂಪ್, ಅಲ್ಲಿಂದ ಪಂಪಿನಿಂದ ಮೇಲೆತ್ತಿದ ನೀರು ಒಂದು ದೊಡ್ಡ ಟಾಕಿಗೆ. ಟಾಕಿಯ ತಳದಲ್ಲಿ ಕೊಳವೆಗಳು, ಅವಕ್ಕೆ ಬ್ಲೋವರಿನಿಂದ ಗಾಳಿ. ಅದರ ಮುಂದೆ ಕೆಸರು ತಳಕ್ಕೆ ಕೂಡುವ ಗುಂಡನೆಯ ಟಾಕಿ. ಮೇಲಿನ ತಿಳಿ ಹಳ್ಳಕ್ಕೆ. ಗುತ್ತಿಗೆಯವರ ಎಂಜಿನಿಯರ್ ಕೆಲವು ವಾರ ನಮಗೆ ಕಲಿಸಿ ಹೋದರು. ಅವರು ಹೇಳಿದ್ದರಲ್ಲಿ ನನ್ನ ತಲೆಗೆ ಹೋದದ್ದು ಒಂದೇ ಮಾತು: ಆ ಟಾಕಿಯ ಕಂದು ಕೆಸರು ಕೆಸರಲ್ಲ, ಜೀವ. ಕಣ್ಣಿಗೆ ಕಾಣದ ಜೀವಗಳು ಹೊಲಸನ್ನು ತಿಂದು, ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ ತಳಕ್ಕೆ ಕೂಡುತ್ತವೆ. ತಳದ್ದನ್ನು ಸ್ವಲ್ಪ ಮತ್ತೆ ಮೊದಲ ಟಾಕಿಗೆ ತಿರುಗಿಸಬೇಕು. ಹೆಪ್ಪು! ಎಂದುಕೊಂಡೆ. ನಿನ್ನಿನ ಮೊಸರು ಒಂದು ಚಮಚ ಉಳಿಸಿ ಇವತ್ತಿನ ಹಾಲಿಗೆ ಹಾಕುವುದು. ಅದು ಗೊತ್ತಾದ ಮೇಲೆ ಆ ಪ್ಲಾಂಟ್ ನನಗೆ ಪರಕೀಯವಾಗಲಿಲ್ಲ.

ನಾವು ಇದ್ದದ್ದು ಮೂರು ಜನ. ಮೇಲಿನವರು ಹಿರೇಮಠ ಸಾಹೇಬರು, ಧಾರವಾಡ ಕಡೆಯವರು. ನಮ್ಮ ಮಾತಿನ 'ಐತಿ' ಅವರ ಬಾಯಲ್ಲಿ 'ಅದ' ಆಗುತ್ತಿತ್ತು. ಹಣೆಯ ಮೇಲೆ ವಿಭೂತಿ, ಕಿಸೆಯಲ್ಲಿ ಏಲಕ್ಕಿ. ಏನು ತೊಂದರೆ ಹೇಳಿದರೂ "ಆಗ್ತದ ತಗೋರಿ" ಎನ್ನುವ ಸ್ವಭಾವ. ಮೆಕ್ಯಾನಿಕ್ ದಸ್ತಗೀರ, ಮೊದಲು ಬೋರ್‌ವೆಲ್ ಮೋಟರ್ ಕಟ್ಟುತ್ತಿದ್ದವನು. ಯಂತ್ರದ ಸದ್ದು ಕೇಳಿ ಅದರ ಬೇನೆ ಹೇಳುವವನು, ಜೊತೆಗೆ ಬಾಯಿ ಸುಮ್ಮನಿರದವನು. ನಾನು ಪರೀಕ್ಷೆ ಮಾಡುವವಳು: ಗಾಜಿನ ಜಾಡಿಯಲ್ಲಿ ಟಾಕಿಯ ನೀರು ತುಂಬಿ, ಕೆಸರು ಎಷ್ಟು ಬೇಗ, ಎಷ್ಟು ಗಟ್ಟಿ ಕೂಡುತ್ತದೆ ನೋಡುವುದು, ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಯಾರು ಇದ್ದಾರೆ, ಯಾರಿಲ್ಲ ಎಂದು ನೋಡುವುದು.

ನೀರು ಬಿಡಲು ಶುರು ಮಾಡಿದ ದಿನಗಳಲ್ಲಿ ತಾತ್ಯಾ ಒಂದು ಮುಂಜಾನೆ ಬಡಿಗೆ ಊರಿಕೊಂಡು ಬಂದರು. ಎಲ್ಲ ತಿರುಗಾಡಿ ನೋಡಿ ನನ್ನ ಮೇಜಿನ ಹತ್ತಿರ ನಿಂತರು.

"ಇದರಾಗ ಏನ ನೋಡತಿ ಕಮಲವ್ವಾ?"

"ನೀವೂ ನೋಡ್ರಿ ತಾತ್ಯಾರ."

ಚಾಳೀಸು ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ಎತ್ತಲಿಲ್ಲ.

"ಗಂಟಿ ಹಾಂಗ ಐತಿ. ದೇಟಿನ ಮ್ಯಾಲ ಕುಂತು ಬಾಯಿ ತಗೀತೈತಿ, ಮುಚ್ಚತೈತಿ."

"ಅದ ನಮ್ಮ ಆಳ್ರಿ. ಹೊಲಸ ತಿಂತೈತಿ."

"ಜೀವ ಐತೇನ ಅದಕ?"

"ಐತ್ರಿ."

ಅವರು ಕುರ್ಚಿಯಲ್ಲಿ ಕುಳಿತರು. "ನಾವು ಅರಿವ್ಯಾಗ ಸೋಸಿ ನೀರ ಕುಡಿಯೋ ಮಂದಿ. ಒಂದ ಹನಿಯಾಗ ಎಷ್ಟ ಜೀವ ಅಂತ ಮುನಿ ಮಹಾರಾಜರು ಹೇಳಿದ್ದು ಕೇಳಿದ್ನಿ. ನೋಡಿದ್ದು ಇವತ್ತ."

ದಸ್ತಗೀರ ಸುಮ್ಮನಿರುತ್ತಾನೆಯೇ? "ತಾತ್ಯಾ, ನಿಮ್ಮ ಲೆಕ್ಕದಾಗ ನಾವಿಲ್ಲಿ ದೊಡ್ಡ ಗೋಶಾಲಿ ನಡಸಾಕತ್ತೀವಿ ನೋಡ್ರಿ."

ತಾತ್ಯಾ ನಕ್ಕರು. "ಆಕಳ ಕಣ್ಣಿಗೆ ಕಾಣತೈತಿ ಮಗಾ, ಹಸದರ ಒದರತೈತಿ. ಕಾಣದ್ದು, ಒದರದ್ದು ಸಾಕೂದು ಕಠಿಣ." ಹೋಗುವಾಗ ಬಾಗಿಲಲ್ಲಿ ನಿಂತು ಸಾಹೇಬರಿಗೆ ಹೇಳಿದರು: "ತಿಳಿ ನೀರು ಬಂದ್ರ ಬರಲಿ, ನನ್ನದೇನೂ ತಕರಾರ ಇಲ್ಲ. ಕರೀ ನೀರು ಬಂತಂದ್ರ ಮಣ್ಣ ಹಾಕತೇನಿ. ಕೆಳಗಿನ ತೋಟದವರಿಗೂ ಹಾಂಗ ಮಾತ ಕೊಟ್ಟೇನಿ. ಮೊದಲ ಹೇಳಿರತೇನಿ, ಆಮ್ಯಾಲ ತಾತ್ಯಾ ಕೆಟ್ಟ ಅನಬ್ಯಾಡ್ರಿ."

"ಕರೀ ನೀರು ಯಾಕ ಬರ್ತದ್ರೀ, ಆಗ್ತದ ತಗೋರಿ" ಎಂದರು ಸಾಹೇಬರು. ನಾನು ಮಾತ್ರ ಆ ಮಾತನ್ನು ಮನೆಯವರೆಗೂ ಹೊತ್ತುಕೊಂಡು ಹೋದೆ. ಅವರ ಮಣ್ಣು ಹಳ್ಳಕ್ಕೆ ಬಿದ್ದರೆ ನೀರು ಬರುವುದು ನನ್ನ ಹೊಸ್ತಿಲಿಗೆ.

ಮಳೆಗಾಲ ಚೆನ್ನಾಗಿ ಹೋಯಿತು. ಮೊದಲು ಹೆದರಿಸಿದ್ದು ಕೌದಿ. ನವರಾತ್ರಿಗೆ ಘಟ ಕೂಡ್ರಿಸುವ ಮೊದಲು ಮನೆಯ ಹಾಸಿಗೆ, ಹೊದಿಕೆ, ಪರದೆ ಎಲ್ಲ ಒಗೆದು ಹಾಕುವುದು ನಮ್ಮ ಕಡೆಯ ರೂಢಿ. ಮೊದಲು ಹೊಳೆಗೆ, ಹಳ್ಳಕ್ಕೆ ಹೊತ್ತುಕೊಂಡು ಹೋಗುತ್ತಿದ್ದರು. ಈಗ ಮನೆ ಮನೆಯಲ್ಲಿ ಬಚ್ಚಲಿದೆ, ಸೋಪಿನ ಪುಡಿ ಇದೆ. ಊರಿನ ಹೆಣ್ಣುಮಕ್ಕಳೆಲ್ಲ ಒಂದೇ ವಾರ ಕೌದಿ ತುಳಿದರೆ ಏನಾಗುತ್ತದೆ? ಬೆಳಿಗ್ಗೆ ಗೇಟು ತೆಗೆದರೆ ಟಾಕಿ ಕಾಣಲಿಲ್ಲ. ಅದರ ಜಾಗದಲ್ಲಿ ಬಿಳಿ ಗುಡ್ಡ. ನೊರೆ ಗೋಡೆ ಹತ್ತಿ, ಗಾಳಿಗೆ ಹರಿದು, ತುಣುಕು ತುಣುಕಾಗಿ ರಸ್ತೆಯ ಮೇಲೆ ಹಾರುತ್ತಿತ್ತು. ಬಸ್ಸಿನಲ್ಲಿದ್ದವರು ಕಿಟಕಿಯಿಂದ ಕೈ ಚಾಚಿ ಹಿಡಿಯುತ್ತಿದ್ದರು.

"ಇದೇನ್ರೀ, ಹತ್ತಿ ಬಿಡಸಾಕ ಬಂದೈತೇನು?" ಎಂದ ದಸ್ತಗೀರ.

ಸಾಹೇಬರು ಗಾಳಿ ಕಡಿಮೆ ಮಾಡಿಸೋಣವೇ ಎಂದರು. ಗುತ್ತಿಗೆಯ ಎಂಜಿನಿಯರಿಗೆ ಫೋನ್ ಹಚ್ಚಿದೆವು. ಅವರು ಗಾಳಿ ಮುಟ್ಟಬೇಡಿ, ನೊರೆಯ ಮೇಲೆ ನೀರು ಸಿಂಪಡಿಸಿ, ಸೋಪು ಹೊರಟುಹೋಗುತ್ತದೆ ಎಂದರು. ಸಿಂಪಡಿಸಿದೆವು. ಕೌದಿ ಒಣಗಿದವು, ನೊರೆ ಇಳಿಯಿತು. ಗಾಳಿ ಮುಟ್ಟಬಾರದು ಎನ್ನುವ ಮಾತು ಅಷ್ಟು ಸ್ಪಷ್ಟವಾಗಿ ನಮ್ಮ ಕಿವಿಗೆ ಬಿದ್ದಿತ್ತು. ಬಿದ್ದದ್ದೆಲ್ಲ ಒಳಗೆ ಇಳಿಯುವುದಿಲ್ಲ ಎನ್ನುವುದಕ್ಕೆ ಮುಂದಿನದನ್ನು ಓದಿ.

ಖಂಡೇ ಪೂಜೆ ಬಂತು. ನವಮಿಯ ದಿನ ದುಡಿಯುವ ಹತ್ಯಾರಗಳನ್ನು ತೊಳೆದು ಕೂಡ್ರಿಸಿ ಪೂಜೆ ಮಾಡಿದರೆ, ಮರುದಿನ ದಸರೆಗೆ ಬನ್ನಿ ಕೊಡುವ ತನಕ ಅವನ್ನು ಮುಟ್ಟಬಾರದು. ಅವು ವರ್ಷವೆಲ್ಲ ನಮಗಾಗಿ ದುಡಿದಿರುತ್ತವೆ, ಅವಕ್ಕೂ ಸೂಟಿ. ಕಮ್ಮಾರನ ತಿದಿಯಿಂದ ಹಿಡಿದು ಲಾರಿಯವರೆಗೆ ನಮ್ಮ ಕಡೆ ಇದನ್ನು ತಪ್ಪಿಸುವವರಿಲ್ಲ. ಹೊಂಡದ ಕಾಲದಲ್ಲಿ ನಾವೂ ಸಲಿಕೆ, ಕುಡಗೋಲು ತೊಳೆದು ಕೂಡ್ರಿಸುತ್ತಿದ್ದೆವು. ಸಲಿಕೆ ಒಂದು ದಿನ ಮಲಗಿದರೆ ಹೊಂಡಕ್ಕೆ ಏನೂ ಆಗುತ್ತಿರಲಿಲ್ಲ.

ಹೊಸ ಪ್ಲಾಂಟಿನ ಮೊದಲ ಪೂಜೆ, ಜೋರಾಗಿ ಆಗಲಿ ಎಂದು ಸಾಹೇಬರ ಹುರುಪು. ಬ್ಲೋವರುಗಳನ್ನು ದಸ್ತಗೀರ ಮದುಮಗನ ಹಾಗೆ ತೊಳೆದು ಒರೆಸಿದ. ಸಾಹೇಬರು ಅವಕ್ಕೆ ವಿಭೂತಿ ಎಳೆದರು. ಚೆಂಡುಹೂವಿನ ಮಾಲೆ ಪೋಣಿಸಿಕೊಟ್ಟವಳು ನಾನು. ದಸರೆಯ ದಿನ ನಮಗೆ ಬುದ್ಧ ವಿಹಾರದಲ್ಲಿ ಕಾರ್ಯಕ್ರಮ, ರಜೆ ಕೇಳಿದ್ದೆ. ಹೊರಡುವ ಮುಂಚೆ ಒಂದೇ ಮಾತು ಹೇಳಿದೆ: "ಸಾಹೇಬ್ರ, ಸಂಪಿನ ಪಂಪ್ ಒಂದ ನಡೀಲ್ರಿ. ಅದು ನಿಂತ್ರ ನಮ್ಮ ಓಣಿ ತುಂಬತೈತಿ." ಎಲ್ಲರೂ ಒಪ್ಪಿದರು. ಪಂಪಿಗೆ ನಡೆಯುತ್ತಿರುವಾಗಲೇ ಕುಂಕುಮ ಹಚ್ಚಿದರು. ಬ್ಲೋವರ್ ಮಾತ್ರ ನಿಂತವು.

ಅವು ನಿಂತ ಕೂಡಲೇ ಪ್ಲಾಂಟಿನಲ್ಲಿ ಮೌನ ಇಳಿಯಿತು. ಗೋಡೆಯಾಚೆಯ ಕಬ್ಬಿನ ಸರಸರ ಸದ್ದು ಕೇಳಿಸಿತು, ಯಾವುದೋ ಹಕ್ಕಿ ಕೂಗಿದ್ದು ಕೇಳಿಸಿತು. "ಎಷ್ಟು ಶಾಂತ ಅದ ನೋಡ್ರಿ" ಎಂದು ಸಾಹೇಬರು ಕಣ್ಣು ಮುಚ್ಚಿ ನಿಂತರು. ನನಗೂ ಅದು ಹಿತವೆನ್ನಿಸಿತು. ಕರೆಂಟು ಹೋದರೆ ತಡ ಮಾಡದೆ ಜನರೇಟರ್ ಹಾಕಿ ಗಾಳಿ ಕೊಡಬೇಕು ಎಂದು ಮೂವರಿಗೂ ಬಾಯಿಪಾಠವಾಗಿತ್ತು. ಕರೆಂಟು ಇದ್ದೂ ನಾವೇ ನಿಲ್ಲಿಸಿದರೆ ಅದೂ ಅದೇ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕರೆಂಟು ಹೋಗುವುದು ಅಡಚಣೆ, ಇದು ಪೂಜೆ. ಎರಡೂ ನಮ್ಮ ತಲೆಯಲ್ಲಿ ಬೇರೆ ಬೇರೆ ಕೋಣೆಯಲ್ಲಿದ್ದವು.

ದಸರೆಯ ಸಂಜೆ ಬನ್ನಿ ಹಂಚಿ, ಕಾಯಿ ಒಡೆದು, ದಸ್ತಗೀರ ಸ್ವಿಚ್ ಒತ್ತಿದನಂತೆ. ಟಾಕಿಯ ತಳದಿಂದ ಕಪ್ಪು ಉಕ್ಕಿತಂತೆ. ಮರುದಿನ ಬೆಳಿಗ್ಗೆ ನಾನು ಹೋಗುವಾಗ ಗೇಟಿನಿಂದ ಬಹಳ ದೂರದಲ್ಲೇ ಕೊಳೆತ ತತ್ತಿಯ ವಾಸನೆ ಬಂತು. ಅದನ್ನು ಓದಲು ಜಾಡಿ ಬೇಕಾಗಲಿಲ್ಲ. ಆದರೂ ತುಂಬಿಟ್ಟೆ. ಬೆಲ್ಲದ ಪಾಕದ ಬಣ್ಣದ್ದು ಕಾಡಿಗೆಯಾಗಿತ್ತು. ತಳಕ್ಕೆ ಕೂಡಲೊಲ್ಲದು, ಕೂತದ್ದೂ ಗುಳ್ಳೆ ಕಟ್ಟಿ ಮತ್ತೆ ಮೇಲೆ ಬರುತ್ತಿತ್ತು. ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಗಂಟೆಗಳು ದೇಟಿನಿಂದ ಕಳಚಿ ಬಿದ್ದಿದ್ದವು. ಒಂದೂ ಅಲುಗಾಡಲಿಲ್ಲ.

"ಅಕ್ಕಾ, ಏನ ಕಾಣತೈತಿ?" ಎಂದ ದಸ್ತಗೀರ.

"ಏನೂ ಇಲ್ಲೋ."

ಅವನು ಹೋಗಿ ಬ್ಲೋವರಿನ ಮೇಲಿದ್ದ ಬಾಡಿದ ಮಾಲೆ ತೆಗೆದ.

ಸಾಹೇಬರ ಮುಖ ಇಷ್ಟಾಗಿತ್ತು. ಅವರಿಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಹಳ್ಳಕ್ಕೆ ಬೀಳುತ್ತಿದ್ದ ಕಪ್ಪು. "ತಾತ್ಯಾ ನೋಡೋದರಾಗ ಬ್ಲೀಚಿಂಗ್ ಪೌಡರ್ ಹಾಕಿ ಬೆಳ್ಳಗ ಮಾಡೋಣೇನು?" ಎಂದರು.

"ಹೆಣಕ್ಕ ಪೌಡರ್ ಬಳದಾಂಗ ಆಗತೈತ್ರಿ ಸಾಹೇಬ್ರ" ಎಂದ ದಸ್ತಗೀರ. "ಕೆಳಗ ದನಾ ಕುಡೀತಾವು."

ಸಾಹೇಬರು, "ಹೌದು, ಬ್ಯಾಡ. ಕಮಲಾಬಾಯಿ, ನೀವೇ ಹೋಗಿ ಹೇಳಿಬಿಡ್ರಿ. ನನ್ನ ಬಾಯಿಂದ ಅವರಿಗೆ 'ಆಗ್ತದ' ಅಂತ ಹೇಳಿ ಆಗ್ಯದ" ಎಂದರು. ನಾನು ಇಷ್ಟು ವರ್ಷ ಅನೇಕ ಸಾಹೇಬರ ಕೆಳಗೆ ದುಡಿದೆ. ಮುಚ್ಚಿಡುವ ಯೋಚನೆ ಎಲ್ಲರಿಗೂ ಬರುತ್ತದೆ. ಬಂದದ್ದನ್ನು ಅಷ್ಟು ಬೇಗ ಬಿಟ್ಟವರು ಕಡಿಮೆ.

ದಸ್ತಗೀರನ ಬೈಕಿನ ಹಿಂದೆ ಕುಳಿತು ಹೋದೆ. ತಾತ್ಯಾ ಹಳ್ಳದ ದಂಡೆಯ ಮೇಲೇ ನಿಂತಿದ್ದರು. ಹತ್ತಿರದಲ್ಲಿ ಟ್ರ್ಯಾಕ್ಟರ್, ಟ್ರಾಲಿಯ ತುಂಬ ಎರೆಮಣ್ಣು.

"ನೋಡಿ ಆತು. ಹೇಳಾಕ ಬಂದೀರೇನ?" ಎಂದರು.

"ಹೌದ್ರಿ ತಾತ್ಯಾರ. ನಮ್ಮವು ಸತ್ತಾವ್ರಿ."

"ಯಾರು?"

"ನೀವು ನೋಡಿದ್ರೆಲ್ಲಾ... ಗಂಟಿ ಹಾಂಗ ಇದ್ದುವು."

ಅವರು ನನ್ನ ಕಡೆ ತಿರುಗಿದರು. "ಎಲ್ಲಾವೂ?"

"ನಾ ನೋಡಿದ ಹನಿಯಾಗ ಒಂದೂ ಉಳದಿಲ್ರಿ."

"ಹ್ಯಾಂಗ?"

"ಖಂಡೇ ಪೂಜಿಗೆ ಗಾಳಿ ನಿಲ್ಲಿಸಿದ್ವಿರಿ. ಉಸರ ಕಟ್ಟಿ ಹೋದುವು."

ತಾತ್ಯಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. "ಪೂಜಾ ಮಾಡಿ ಕೊಂದ್ರಿ ಅನ್ನು."

ಆಗ ಹೇಳಬೇಕಾದದ್ದಷ್ಟನ್ನು ಹೇಳಿದೆ: ಮತ್ತೆ ಹುಟ್ಟಿಸಬಹುದು, ಬೇರೆ ಊರಿನಿಂದ ಹೆಪ್ಪು ತರಬೇಕು, ವಾರಗಟ್ಟಲೆ ಬೇಕು. ಅಲ್ಲಿಯ ತನಕ ನೀರು ಹರಿಯುತ್ತಲೇ ಇರಬೇಕು. ನಿಂತರೆ ಟಾಕಿ ತುಂಬುತ್ತದೆ, ಸಂಪಿನ ಪಂಪು ಬಂದ್ ಮಾಡಬೇಕಾಗುತ್ತದೆ, ನಮ್ಮ ಓಣಿಯ ಚೇಂಬರುಗಳು ಬಾಯಿ ಬಿಡುತ್ತವೆ. "ನನ್ನ ಮನೀನೂ ಅಲ್ಲೇ ಐತ್ರಿ ತಾತ್ಯಾರ" ಎಂದೆ.

"ಗೊತ್ತೈತಿ. ನಾ ಮಾತ ಕೊಟ್ಟೇನಿ ಕಮಲವ್ವಾ. ಕರೀ ನೀರು ಈ ಹಳ್ಳ ಇಳಿಯೂದಿಲ್ಲ" ಎಂದರು. ಡ್ರೈವರನಿಗೆ ಕೈ ಮಾಡಿದರು. ಟ್ರಾಲಿ ಎದ್ದಿತು, ಮಣ್ಣು ಬಿತ್ತು. "ನೀ ಇನ್ನ ಹೋಗು. ನನಗ ಕೆಲಸ ಐತಿ."

ಓಣಿಗೆ ಬಂದು ಮನೆ ಮನೆಗೆ ಹೇಳಿದೆ: ಸಾಮಾನು ಮೇಲಿಡ್ರಿ. ಹೆಣ್ಣುಮಕ್ಕಳು ಬೈಯುತ್ತ ಇಟ್ಟರು. ಪಕ್ಕದ ಮನೆಯ ಸುಶೀಲಾ, "ನೀ ನೌಕರಿ ಮಾಡಿದ್ದು ಇದಕ್ಕೇನ ಕಮಲಾ? ಊರಿನ ಹೊಲಸ ಕಾಯಾಕ ಹೋದಾಕಿ, ಅದನ್ನ ನಮ್ಮ ಮನೀಗೇ ಕರಕೊಂಡು ಬಂದಿ" ಎಂದಳು. ಅವಳ ಮಗಳು ಬಾಣಂತಿತನಕ್ಕೆ ಬಂದಿದ್ದಳು, ತೊಟ್ಟಿಲು ನೆಲದ ಹತ್ತಿರ ತೂಗುತ್ತಿತ್ತು. ನಾನು ಹೋಗಿ ತೊಟ್ಟಿಲಿನ ಹಗ್ಗ ಬಿಚ್ಚಿ ಎತ್ತರ ಕಟ್ಟಿಕೊಟ್ಟೆ.

ಬೀದಿಯ ಚೇಂಬರಿನ ಮುಚ್ಚಳ ಸರಿಸಿ ನೋಡುತ್ತ ಕುಳಿತೆ. ಮಧ್ಯಾಹ್ನವಾಯಿತು. ನೀರು ಏರಲಿಲ್ಲ. ಊಟದ ಹೊತ್ತು ದಾಟಿತು, ಏರಲಿಲ್ಲ. ದಸ್ತಗೀರನ ಫೋನ್ ಬಂತು.

"ಅಕ್ಕಾ, ಪ್ಲಾಂಟಿನಿಂದ ನೀರು ಎಂದಿನಾಂಗ ಹೊರಗ ಹೋಗಾಕತ್ತೈತಿ."

"ಹಳ್ಳದಾಗ ಮಣ್ಣ ಬಿದ್ದೈತೆಲ್ಲೋ?"

"ಬಿದ್ದೈತಿ. ಮತ್ತ ಈ ನೀರು ಎಲ್ಲಿ ಹೋಗಾಕತ್ತೈತಿ?"

ನಾನು ಪ್ಲಾಂಟಿಗೆ ಹೋದೆ, ಇಬ್ಬರೂ ಅಲ್ಲಿಂದ ಹಳ್ಳಕ್ಕೆ ನೀರು ಒಯ್ಯುವ ಕಾಲುವೆಗುಂಟ ನಡೆದೆವು. ಹಳ್ಳದ ಬಾಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು, ಒಂದು ಹನಿ ದಾಟಿರಲಿಲ್ಲ. ಅದಕ್ಕಿಂತ ಸ್ವಲ್ಪ ಮೇಲೆ ತಾತ್ಯಾರ ಹೊಲದ ಒಡ್ಡು ಹೊಸದಾಗಿ ಕಡಿದಿತ್ತು. ಕಪ್ಪು ನೀರು ಅಲ್ಲಿ ತಿರುಗಿ ಅವರ ಕಬ್ಬಿನೊಳಗೆ ನುಗ್ಗುತ್ತಿತ್ತು. ತಾತ್ಯಾ ಧೋತರ ಮೇಲೆ ಕಟ್ಟಿ, ಸಲಿಕೆ ಹಿಡಿದು, ಸಾಲಿನಿಂದ ಸಾಲಿಗೆ ನೀರು ತಿರುಗಿಸುತ್ತಿದ್ದರು.

ಕಬ್ಬು ಕಂಡ ನಾಡಿನವರಿಗೆ ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಅದು ಕಟಾವಿಗೆ ಬಂದ ಕಬ್ಬು. ಕಡಿಯುವ ಮೊದಲು ಅದಕ್ಕೆ ನೀರು ನಿಲ್ಲಿಸಬೇಕು. ಆಗ ಸಿಹಿ ಏರುತ್ತದೆ. ಆ ಹೊತ್ತಿನಲ್ಲಿ ನೀರು ಕುಡಿಸುವವನು ಹುಚ್ಚ. ಅದೂ ಇಂಥ ನೀರು.

"ತಾತ್ಯಾರ, ಕಬ್ಬು ಕೆಡತೈತೆಲ್ರಿ!" ಎಂದೆ.

"ಕೆಡತೈತಿ" ಎಂದರು, ತಲೆ ಎತ್ತದೆ. "ಮತ್ತೆಲ್ಲಿ ಬಿಡಲಿ? ಕೆಳಗ ಬಿಟ್ರ ಮಾತ ಹೋಗತೈತಿ. ಹಿಂದ ಬಿಟ್ರ ನಿಮ್ಮ ಓಣಿ. ಒಮ್ಮೆ ಬಿಟ್ಟಿದ್ನಿ. ನೀವು ಮಂಚದ ಮ್ಯಾಲ ಕುಂತಿದ್ರಿ ಅಂತ ಆಮ್ಯಾಲ ಕೇಳಿದ್ನಿ."

ಸಂಜೆ ಸಾಹೇಬರು ಬಂದರು. ಒಡ್ಡಿನ ಮೇಲೆ ನಿಂತು ನೋಡಿ, ಬೂಟು ಬಿಚ್ಚಿ, ಕೆಸರಿನಲ್ಲಿ ಇಳಿದು ಕೈ ಮುಗಿದರು. ತಾತ್ಯಾ ಅವರ ಕಾಲು ನೋಡಿದರು. "ಬೂಟ ಹಾಕ್ಕೋರಿ ಸಾಹೇಬ್ರ. ಇದು ಗಂಗಾ ಅಲ್ಲ, ನಿಮ್ಮ ಊರಿನ ನೀರ ಐತಿ."

ದಸ್ತಗೀರನಿಗೆ ನಗು ತಡೆಯಲಾಗಲಿಲ್ಲ. ಸಾಹೇಬರೂ ನಕ್ಕರು. ಆ ದಿನದ ಬಿಗಿ ಅಲ್ಲಿ ಸಡಿಲಾಯಿತು.

ಆಮೇಲೆ ನಮ್ಮ ದುಡಿತ. ಗಡಿಯಾಚೆಯ ಒಂದು ಊರಿನ ಪ್ಲಾಂಟಿನವರು ಹೆಪ್ಪು ಕೊಡಲು ಒಪ್ಪಿದರು. ಟ್ಯಾಂಕರಿನಲ್ಲಿ ತುಂಬಿಸಿಕೊಂಡು ಬರುವಾಗ ನಾನು ದಾರಿಯಲ್ಲಿ ಎಲ್ಲೂ ನಿಲ್ಲಿಸಗೊಡಲಿಲ್ಲ, ಚಹಾಕ್ಕೂ. ಗಾಳಿಯಿಲ್ಲದೆ ಅವು ಎಷ್ಟು ಹೊತ್ತು ಇದ್ದಾವು? ಡ್ರೈವರ್ ಮರಾಠಿಯವನು. "ಅಕ್ಕಾ, ಹೇ ಕಾಯ ಸೋನಂ ಆಹೇ ಕಾ?" ಎಂದ, ಇದೇನು ಬಂಗಾರವೇ ಎಂದು. ಬಂಗಾರಕ್ಕೆ ಉಸಿರು ಕಟ್ಟುವುದಿಲ್ಲಪ್ಪಾ ಎಂದು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ.

ಜೊತೆಗೆ ಆಕಳ ಸಗಣಿಯ ಬಗ್ಗಡವನ್ನೂ ಸ್ವಲ್ಪ ಸ್ವಲ್ಪ ಹಾಕಬೇಕಿತ್ತು. ಓಣಿಯಲ್ಲಿ ಕೇಳಿದೆ. ಮೊದಲು ಬುಟ್ಟಿ ಹೊತ್ತು ಬಂದವಳು ಸುಶೀಲಾ. "ನಿನ್ನ ಗೋಶಾಲಿಗೆ ತಗೋ" ಎಂದು ಗೇಟಿನಲ್ಲಿ ಇಟ್ಟು ಹೋದಳು. ದಸ್ತಗೀರನ ಮಾತು ಅಲ್ಲಿಯವರೆಗೂ ಹೋಗಿತ್ತು!

ಹೊಸಬರಿಗೆ ಇಲ್ಲಿ ಒಂದು ಮಾತು. ಸತ್ತ ಟಾಕಿ ಒಮ್ಮೆಲೇ ಏಳುವುದಿಲ್ಲ. ಅವಸರ ಮಾಡಿ ಮೇಲಿಂದ ಮೇಲೆ ಏನೇನೋ ಸುರಿಯಬೇಡಿ. ಮೊದಲು ಕೊಳೆತ ವಾಸನೆ ಹೋಗುತ್ತದೆ. ಆಮೇಲೆ ಬಿಳಿ ನೊರೆ ಬರುತ್ತದೆ, ಹೆದರಬೇಡಿ, ಅದು ಕೂಸಿನ ಬಾಯಿಯ ಜೊಲ್ಲು. ಕಪ್ಪು ಬೂದಿಯಾಗುತ್ತದೆ, ಬೂದಿ ಕಂದಾಗುತ್ತದೆ. ಒಂದು ಮುಂಜಾನೆ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಆ ವಾಸನೆ ಬಂದ ದಿನ ಹನಿಯಲ್ಲಿ ಸಣ್ಣ ಸಣ್ಣವು ಸರಸರನೆ ಓಡಾಡುತ್ತಿದ್ದವು, ಗುರಿಯಿಲ್ಲದ ಹುಡುಗರ ಹಾಗೆ. ಕೆಲವು ದಿನ ಬಿಟ್ಟು ದೇಟಿನ ಮೇಲೆ ಒಂದು ಕುಳಿತಿತು. ಬಾಯಿ ತೆಗೆಯಿತು, ಮುಚ್ಚಿತು. ನಾನು ಕೂಗಿದ ಕೂಗಿಗೆ ಸಾಹೇಬರು ಚಹಾದ ಕಪ್ಪು ಬಿಟ್ಟು ಓಡಿ ಬಂದರು. ಬಹಳ ಹೊತ್ತು ನೋಡಿ, "ಕೂತದ. ನಮ್ಮ ಮ್ಯಾಲೆ ಸಿಟ್ಟಿಲ್ಲ ಅನಸ್ತದ" ಎಂದರು.

ಜಾಡಿಯ ತಿಳಿ ನೀರು ತುಂಬಿಕೊಂಡು ಹೋಗಿ ತಾತ್ಯಾರಿಗೆ ತೋರಿಸಿದೆವು. ಅವರು ಬಿಸಿಲಿಗೆ ಹಿಡಿದು ನೋಡಿದರು, ಮೂಗಿನ ಹತ್ತಿರ ಹಿಡಿದರು. ಮರುದಿನ ಕೆಳಗಿನ ತೋಟದವರನ್ನೂ ಕರೆಸಿ ಅವರ ಮುಂದೆಯೇ ಮಣ್ಣು ತೆಗೆಸಿದರು. ಒಡ್ಡನ್ನು ಮಾತ್ರ ತಾವೇ ಸಲಿಕೆಯಿಂದ ಮುಚ್ಚಿದರು.

ಮುಂದಿನ ವರ್ಷದ ಖಂಡೇ ಪೂಜೆಗೆ ಸಾಹೇಬರೇ ಹೊಸ ಪದ್ಧತಿ ತಂದರು. ಬ್ಲೋವರ್ ನಡೆಯುತ್ತಿರುವಾಗಲೇ ಗೋಡೆಗೆ ಮಾಲೆ, ಸರದಿಗಾಗಿ ಕಾದು ನಿಂತ ಒಂದು ಹೆಚ್ಚಿನ ಯಂತ್ರಕ್ಕೆ ವಿಭೂತಿ. ದೇವರಿಗೆ ಕೈ ಮುಗಿಯುವಾಗ ನಾವೇನು ಉಸಿರು ಬಿಡುವುದನ್ನು ನಿಲ್ಲಿಸುತ್ತೇವೆಯೇ ಎನ್ನುವುದು ಅವರ ವಾದ. ಮಂತ್ರ ಯಾರಿಗೂ ಕೇಳಿಸುತ್ತಿರಲಿಲ್ಲ, ಅಷ್ಟು ಸದ್ದು. ಈಗ ಟಾಕಿಯಲ್ಲಿ ಗಾಳಿ ಕಡಿಮೆಯಾದರೆ ಮೀಟರ್ ತಾನೇ ಹೇಳುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ. ಒಳ್ಳೆಯದೇ. ಆದರೆ ನಾವು ಅಂದು ಗಾಳಿ ನಿಲ್ಲಿಸಿದ್ದು ತಿಳಿಯದೆ ಅಲ್ಲ, ಭಕ್ತಿಯಿಂದ. ಅದಕ್ಕೆ ಮೀಟರ್ ಇಲ್ಲ. ಊರಿನ ರೂಢಿಯನ್ನು ಜರಿಯಬೇಡಿ, ಅದನ್ನು ಪ್ಲಾಂಟಿನೊಳಗೆ ಕರೆತರುವ ಮೊದಲು ಟಾಕಿಯೊಳಗಿನ ಜೀವಗಳನ್ನೂ ಒಂದು ಮಾತು ಕೇಳಿ.

ತಾತ್ಯಾರ ಆ ಕಬ್ಬಿನ ಸಂಗತಿ ಹೇಳಿ ಮುಗಿಸುತ್ತೇನೆ. ಅದನ್ನು ಅವರು ಕಾರ್ಖಾನೆಗೆ ಕಳಿಸಲಿಲ್ಲ. ತಮ್ಮ ಗಾಣದಲ್ಲೇ ಅರೆಸಿ ಬೆಲ್ಲ ಮಾಡಿಸಿದರು. ಬೆಲ್ಲ ಗಟ್ಟಿಯಾಗಿ ಅಚ್ಚು ಹಿಡಿಯಲಿಲ್ಲ, ಬಣ್ಣ ಮಂಕು. ಒಂದು ಮುಂಜಾನೆ ದೊಡ್ಡ ಉಂಡೆಯೊಂದನ್ನು ಅರಿವೆಯಲ್ಲಿ ಕಟ್ಟಿಕೊಂಡು ಪ್ಲಾಂಟಿಗೆ ಬಂದರು.

"ತಗೋರಿ. ನಿಮ್ಮ ಪಾಲ."

ಮುರಿದು ಬಾಯಿಗೆ ಹಾಕಿಕೊಂಡೆವು. ಸಿಹಿಯ ಹಿಂದೆಯೇ ಉಪ್ಪು.

"ಹ್ಯಾಂಗೈತಿ?"

"ನಮ್ಮ ಊರಿನ ರುಚಿ ಐತ್ರಿ" ಎಂದ ದಸ್ತಗೀರ. "ಚಹಾಕ್ಕ ಹಾಕಿದ್ರ ಹಾಲು ಒಡೀತೈತಿ ತಾತ್ಯಾ."

"ಒಡೀಲಿ. ಮಾಡು" ಎಂದರು.

ಮಾಡಿದೆ. ಒಡೆಯಿತು. ಸಾಹೇಬರು ಕಪ್ಪಿನೊಳಗೆ ನೋಡಿ ಒಂದು ಏಲಕ್ಕಿ ಹಾಕಿಕೊಂಡರು. ತಾತ್ಯಾ ನಮ್ಮ ಪ್ಲಾಂಟಿನಲ್ಲಿ, ನನ್ನ ಕೈಯಿಂದ ಏನಾದರೂ ಕುಡಿದದ್ದು ಅದೇ ಮೊದಲು. ಕಪ್ಪಿನ ಕೆಳಗಿನ ಬಸಿಯಲ್ಲಿ ಸುರುವಿಕೊಂಡು, ಒಡೆದ ಹಾಲಿನ ಗಷ್ಟೆಯನ್ನು ಊದಿ ಬದಿಗೆ ಸರಿಸಿ, ಪೂರಾ ಕುಡಿದರು. ಆಮೇಲೆ ಕಪ್ಪನ್ನು ಮುಂದೆ ಚಾಚಿದರು.

"ಇನ್ನೂ ಸ್ವಲ್ಪ ಐತೇನ ಕಮಲವ್ವಾ?"